ಖಾಲಿ ಪೆಟ್ಟಿಗೆಯೊಳಗೊಂದು ವಿಳಾಸ

ಪುಕ್ಕಟೆಯಾಗಿ ಸಿಕ್ಕಿದ್ದನ್ನು ನಮ್ಮಿಷ್ಟದಂತೆ ಹಂಚಬಹುದೇ? ಸರಳವಾಗಿ ಕಾಣುವ ಈ ಪ್ರಶ್ನೆ ಲಿನಕ್ಸ್ ಬಳಗವನ್ನು ವರ್ಷಗಟ್ಟಲೆ ಕಾಡಿತು.

1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಏರಿಯಲ್, ಟೈಮ್ಸ್ ನ್ಯೂ ರೋಮನ್, ವರ್ಡಾನಾ ಮೊದಲಾದ ಫಾಂಟ್‌ಗಳನ್ನು ಉಚಿತವಾಗಿ ಒದಗಿಸತೊಡಗಿತು. ಜಾಲಪುಟಗಳು ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಬಗೆಯಲ್ಲಿ ಕಾಣಲಿ ಎಂಬುದು ಉದ್ದೇಶ. ಪತ್ರ, ವರದಿಗಳೂ ಈ ಅಕ್ಷರಗಳಿಗೇ ಒಗ್ಗಿಕೊಂಡವು. ಇವಿಲ್ಲದ ಯಂತ್ರದಲ್ಲಿ ಅದೇ ಪತ್ರವನ್ನು ತೆರೆದರೆ ಸಾಲುಗಳು ಬೇರೆಡೆ ಮುರಿದು, ಒಂದು ಪುಟದ ಬರಹ ಎರಡನೆಯದಕ್ಕೆ ಹರಿಯುತ್ತಿತ್ತು.

ಆದರೆ ಪರವಾನಗಿಗೆ ಷರತ್ತಿತ್ತು. ಮೂಲ ಕಡತವನ್ನು ಇದ್ದಂತೆಯೇ ಕೊಡಬೇಕು, ಲಾಭಕ್ಕೆ ಮಾರಕೂಡದು. ಆ ಕಡತವೋ ವಿಂಡೋಸ್‌ಗೆಂದು ಕಟ್ಟಿದ್ದು. ಅದನ್ನು ಬಿಚ್ಚಿ ಲಿನಕ್ಸ್‌ಗೆ ಹೊಂದಿಸಿ ಹಂಚಿದರೆ ಷರತ್ತು ಮುರಿದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಗಾದೆ. ಇಲ್ಲಿ ಪೂಜಾರಿ ಸಿದ್ಧನಿದ್ದ, ವರಕ್ಕೇ ಕಟ್ಟುಪಾಡಿತ್ತು.

ಲಿನಕ್ಸ್‌ನಲ್ಲಿ ತಂತ್ರಾಂಶಗಳನ್ನು ಭಂಡಾರದಿಂದ ತಂದು ಜೋಡಿಸುವ ಕೆಲಸ ಪ್ಯಾಕೇಜ್ ಮ್ಯಾನೇಜರ್‌ನದು. 1993ರಲ್ಲಿ ಹುಟ್ಟಿದ ಡೆಬಿಯನ್ ಯೋಜನೆ 1997ರಲ್ಲಿ ‘ಸಾಮಾಜಿಕ ಒಪ್ಪಂದ’ವೊಂದನ್ನು ಅಂಗೀಕರಿಸಿತು. ಅದರಂತೆ ತಿದ್ದುವ, ಹಂಚುವ ಸ್ವಾತಂತ್ರ್ಯವಿರುವ ತಂತ್ರಾಂಶಕ್ಕೆ ಮಾತ್ರ ಮುಖ್ಯ ಭಂಡಾರದಲ್ಲಿ ಜಾಗ. ಹಾಗಾಗಿ ಈ ಫಾಂಟ್‌ಗಳಿಗೆ ಹೊರ ಅಂಗಳವಾದ ‘ಕಾಂಟ್ರಿಬ್’ ವಿಭಾಗದಲ್ಲಿ ವಿಚಿತ್ರ ಪ್ಯಾಕೇಜೊಂದು ಬಂತು. ಅದರಲ್ಲಿ ಒಂದಕ್ಷರವೂ ಇಲ್ಲ. ಇರುವುದು ಮೂಲ ಕಡತಗಳ ವಿಳಾಸ ಮತ್ತು ಸೂಚನೆ ಮಾತ್ರ. ಅದು ಷರತ್ತುಗಳನ್ನು ಬಳಕೆದಾರನ ಮುಂದಿಡುತ್ತದೆ. ಆತ ಒಪ್ಪಿದರೆ ಕಡತಗಳನ್ನು ತರಿಸಿ, ಆತನ ಯಂತ್ರದಲ್ಲೇ ಬಿಚ್ಚುತ್ತದೆ. ಡೆಬಿಯನ್ ಹಂಚಿದ್ದು ದಾರಿಯನ್ನಷ್ಟೇ, ಸರಕನ್ನಲ್ಲ.

2002ರಲ್ಲಿ ಮೈಕ್ರೋಸಾಫ್ಟ್ ತನ್ನ ತಾಣದಿಂದ ಈ ಫಾಂಟ್‌ಗಳನ್ನು ತೆಗೆಯಿತು. ಆಗ ನೆರವಿಗೆ ಬಂದದ್ದು ಅದೇ ಷರತ್ತು. ಮೂಲ ರೂಪದಲ್ಲಿ ಹಂಚಲು ಅನುಮತಿ ಇದ್ದುದರಿಂದ ಸೋರ್ಸ್‌ಫೋರ್ಜ್ ತಾಣದಲ್ಲಿದ್ದ ಪ್ರತಿಗಳು ಉಳಿದವು.

ಆದರೂ ಉಪಾಯಕ್ಕೆ ಮಿತಿಯುಂಟು. ‘ಒಪ್ಪಿಗೆಯೇ?’ ಎಂದು ಕೇಳಿದಾಗ ಉತ್ತರಿಸುವವರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ವಿಳಾಸ ಸತ್ತರೆ ಪೆಟ್ಟಿಗೆ ನಿಷ್ಪ್ರಯೋಜಕ. ಅಕ್ಷರದಲ್ಲಿ ಕೊರತೆ ಕಂಡರೂ ತಿದ್ದಿ ಹಂಚುವಂತಿಲ್ಲ.

ನೇರ ಪರಿಹಾರ ದೊರೆತದ್ದು 2007ರಲ್ಲಿ. ರೆಡ್ ಹ್ಯಾಟ್ ಸಂಸ್ಥೆ ‘ಲಿಬರೇಶನ್’ ಫಾಂಟ್‌ಗಳನ್ನು ಬಿಡುಗಡೆ ಮಾಡಿತು. ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂಗಳಲ್ಲಿ ಪ್ರತಿ ಅಕ್ಷರ ಎಷ್ಟು ಅಗಲವೋ ಇವುಗಳಲ್ಲೂ ಅಷ್ಟೇ. ರೂಪ ಬೇರೆಯಾದರೂ ಸಾಲು ಮುರಿಯದು, ಪುಟ ಕದಲದು. ಹಂಚಲೂ ತಿದ್ದಲೂ ಅಡ್ಡಿಯಿಲ್ಲ.

ಹಳೆಯ ಖಾಲಿ ಪೆಟ್ಟಿಗೆ ಕಾಂಟ್ರಿಬ್‌ನಲ್ಲಿ ಇಂದಿಗೂ ಇದೆ. ಉಚಿತವಾದದ್ದೆಲ್ಲ ಮುಕ್ತವಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.