ಸೂತಿಕೆಯ ವಿಶ್ರಾಂತಿಯೂ ಅದರ ವೇತನವೂ

ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲದವರೆಗೆ ಪಂಡಿತರಿಗೆ ಹೆಸರಿನಿಂದ ಮಾತ್ರವೇ ಪರಿಚಿತವಾಗಿದ್ದಿತು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಬಂದ ಓಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಪರಿಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದ ಮೇಲೆ ಆ ಗ್ರಂಥವು ಲೋಕದ ಕಣ್ಣಿಗೆ ಬಿದ್ದಿತು. ಅದರ ಮೂರನೆಯ ಅಧಿಕರಣದಲ್ಲಿ, ದಾಸರನ್ನೂ ಕೂಲಿಕಾರರನ್ನೂ ಕುರಿತು ಹೇಳುವೆಡೆಯಲ್ಲಿ, ಒಂದು ಸಣ್ಣ ವಿಧಿಯುಂಟು. ಗರ್ಭಿಣಿಯಾದ ದಾಸಿಯನ್ನು ಅವಳ ಗರ್ಭಭರ್ಮಕ್ಕೆ ಏರ್ಪಾಡು ಮಾಡದೆ ಮಾರಿದವನಿಗೂ ಅಡವಿಟ್ಟವನಿಗೂ ದಂಡ, ಕೊಂಡವನಿಗೂ ದಂಡ, ವ್ಯವಹಾರವನ್ನು ಕೇಳಿ ಸಾಕ್ಷಿಯಾಗಿ ನಿಂತವನಿಗೂ ದಂಡ. ಭರ್ಮವೆಂದರೆ ಭರಣ, ಪೋಷಣೆ. ಅಮರಸಿಂಹನು ಈ ಪದವನ್ನು ವೇತನದ ಪರ್ಯಾಯಗಳ ಸಾಲಿನಲ್ಲಿಯೇ ಸೇರಿಸಿದ್ದಾನೆ.

ಮನುಷ್ಯರನ್ನು ಮಾರುವ ಪದ್ಧತಿಯನ್ನೇ ಒಪ್ಪಿಕೊಂಡು ಹೊರಟ ಈ ಶಾಸನವನ್ನು ಆದರ್ಶವೆಂದು ಹೊಗಳಬೇಕಾದುದಿಲ್ಲ. ಆದರೆ ಅದರ ಒಳಗೆ ಅಡಗಿರುವ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ದುಡಿದು ಉಣ್ಣುವ ಹೆಣ್ಣು ಬಸುರಿಯಾದಾಗ ಅವಳ ಭರಣವು ಯಾರ ಹೊಣೆ? ಅವಳಿಗೆ ವಿಶ್ರಾಂತಿ ಬೇಕೆಂಬುದನ್ನು ಯಾವ ಕಾಲದಲ್ಲಿಯೂ ಯಾರೂ ಅಲ್ಲಗಳೆದಿಲ್ಲ. ವಿಶ್ರಾಂತಿಯ ದಿನಗಳ ಅನ್ನವನ್ನು ಯಾರು ಕೊಡಬೇಕೆಂಬಲ್ಲಿಯೇ ವಿವಾದವೆಲ್ಲ ನಿಂತಿದೆ. ಪ್ರಸೂತಿ ರಜೆಯ ಚರಿತ್ರೆಯು ಈ ಒಂದು ವಿವಾದದ ಚರಿತ್ರೆಯೇ ಆಗಿದೆ.

ವಿಶ್ರಾಂತಿಯ ಅವಧಿಯನ್ನು ವೈದ್ಯಶಾಸ್ತ್ರವು ಬಹು ಹಿಂದೆಯೇ ಗೊತ್ತುಮಾಡಿತ್ತು. ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಸಿದ್ಧಪಡಿಸಬೇಕೆಂದು ಚರಕವು ಹೇಳುತ್ತದೆ. ಹೆರಿಗೆಯಾದ ಮೇಲೆ ಒಂದೂವರೆ ತಿಂಗಳ ಕಾಲ ಆಹಾರವಿಹಾರಗಳ ನಿಯಮವಿರಬೇಕೆಂದೂ, ಅದು ಕಳೆದ ಮೇಲೆಯೇ ಅವಳಿಗೆ ಸೂತಿಕೆಯೆಂಬ ಹೆಸರು ತಪ್ಪುವುದೆಂದೂ ಸುಶ್ರುತದ ಮತ. ಕನ್ನಡನಾಡಿನ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದೂ, ಬಾಣಂತಿಗೆ ಎಣ್ಣೆನೀರು, ಬೆಚ್ಚನೆಯ ಕೋಣೆ, ಪಥ್ಯದ ಊಟ ಇವುಗಳನ್ನು ನಡೆಯಿಸುವುದೂ ಈ ತತ್ತ್ವದ ಲೋಕರೂಢಿಯೇ. ಈ ಬಾಣಂತನದ ವೆಚ್ಚವನ್ನು ತವರು ಹೊರುತ್ತಿದ್ದಿತು. ತವರಿನ ಕಣಜವೇ ಬರಿದಾಗಿದ್ದವಳ ಪಾಡು ಬೇರೆ. ಕಳೆ ಕೀಳುವವಳೂ ಕಲ್ಲು ಹೊರುವವಳೂ ಕೂಸನ್ನು ಮರದ ನೆರಳಿನಲ್ಲಿ ಜೋಲಿಗೆ ಹಾಕಿ ಕೆಲಸಕ್ಕೆ ಇಳಿಯಬೇಕಾಗಿತ್ತು. ಶಾಸ್ತ್ರದ ಒಂದೂವರೆ ತಿಂಗಳು ಅವಳ ಪಾಲಿಗೆ ಓಲೆಯಲ್ಲಿಯೇ ಉಳಿದಿತ್ತು.

ಯಂತ್ರಶಾಲೆಗಳು ಹುಟ್ಟಿದ ಮೇಲೆ ಈ ಕಷ್ಟವು ಇಮ್ಮಡಿಯಾಯಿತು. ತವರು ದೂರವಾಯಿತು, ಕೂಸನ್ನು ಯಂತ್ರದ ಬಳಿಗೆ ಒಯ್ಯುವಂತಿರಲಿಲ್ಲ. ಯೂರೋಪಿನಲ್ಲಿ ಇದಕ್ಕೆ ಮೊದಲು ಮದ್ದು ಹುಡುಕಿದ್ದು ಸ್ವಿಟ್ಜರ್ಲೆಂಡಿನ ಗ್ಲಾರುಸ್ ಎಂಬ ಚಿಕ್ಕ ಪ್ರಾಂತ. ಹೆರಿಗೆಯಾದ ಮೇಲೆ ಆರು ವಾರಗಳವರೆಗೆ ಹೆಂಗಸನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದು 1864ರಲ್ಲಿ ಅದು ವಿಧಿಸಿತು. 1877ರಲ್ಲಿ ಆ ದೇಶವಿಡೀ ಎಂಟು ವಾರಗಳ ನಿಷೇಧವು ಬಂದಿತು. ಮರುವರ್ಷ ಜರ್ಮನಿಯು ಮೂರು ವಾರಗಳನ್ನು ಗೊತ್ತುಮಾಡಿತು. ಆದರೆ ಈ ಶಾಸನಗಳೆಲ್ಲ ಕೆಲಸವನ್ನು ನಿಲ್ಲಿಸಿದುವಲ್ಲದೆ ಕೂಲಿಯನ್ನು ಕೊಡಿಸಲಿಲ್ಲ. ಕೂಲಿಯಿಲ್ಲದ ವಿಶ್ರಾಂತಿಯು ಬಡವಳಿಗೆ ಉಪವಾಸದ ಇನ್ನೊಂದು ಹೆಸರು. ಜರ್ಮನಿಯು 1883ರಲ್ಲಿ ರೋಗವಿಮೆಯ ಕಾಯಿದೆಯನ್ನು ಮಾಡಿ, ವಿಮೆಗೆ ಸೇರಿದ ಹೆಂಗಸರಿಗೆ ಹೆರಿಗೆಯ ಮೂರು ವಾರ ಹಣವು ಸಲ್ಲುವಂತೆ ಏರ್ಪಡಿಸಿದಾಗಲೇ ವಿಶ್ರಾಂತಿಗೂ ವೇತನಕ್ಕೂ ಮೊದಲ ಗಂಟು ಬಿದ್ದಿತು.

1919ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಲನದ ಪ್ರಥಮಾಧಿವೇಶನವು ನೆರೆಯಿತು. ಹೆರಿಗೆಗೆ ಮುಂಚೆ ಆರು ವಾರ, ಅನಂತರ ಆರು ವಾರ ವಿಶ್ರಾಂತಿಯೆಂದೂ, ಆ ಕಾಲದಲ್ಲಿ ತಾಯಿಗೂ ಶಿಶುವಿಗೂ ಸಾಕಾಗುವಷ್ಟು ಹಣವನ್ನು ಸಾರ್ವಜನಿಕ ಬೊಕ್ಕಸದಿಂದಾಗಲಿ ವಿಮೆಯಿಂದಾಗಲಿ ಕೊಡಬೇಕೆಂದೂ ಅಲ್ಲಿ ನಿರ್ಣಯವಾಯಿತು. ಸುಶ್ರುತದ ಒಂದೂವರೆ ತಿಂಗಳೂ ವಾಷಿಂಗ್ಟನ್ನಿನ ಆರು ವಾರಗಳೂ ಹೆಚ್ಚುಕಡಮೆ ಒಂದೇ ಅಳತೆಗೆ ಬಂದು ನಿಂತುವು. ಹಣವು ಬರಬೇಕಾದ ದಾರಿಯನ್ನು ಹೇಳಿದುದೇ ಹೊಸ ಮಾತು. ಭಾರತ ಸರ್ಕಾರವು ಆ ಒಡಂಬಡಿಕೆಗೆ ಒಳಪಡಲಿಲ್ಲ. ಸ್ಥಿತಿಯನ್ನು ವಿಚಾರಿಸಿ ವರದಿ ಮಾಡಬೇಕೆಂದಷ್ಟೇ ಅದಕ್ಕೆ ಸೂಚನೆಯಾಯಿತು.

ಆ ಸಮ್ಮೇಲನಕ್ಕೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋಗಿದ್ದವರು ಎನ್. ಎಂ. ಜೋಶಿಯವರು. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ಹಾಕಿ ಮಲಗಿಸಿ ಕೆಲಸಕ್ಕೆ ಬರುತ್ತಿದ್ದರೆಂಬುದು ಆ ಕಾಲದ ವರದಿಗಳಲ್ಲಿಯೇ ಕಾಣುತ್ತದೆ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಪ್ರಸೂತಿ ಸಹಾಯದ ಮಸೂದೆಯನ್ನು ಮಂಡಿಸಿದರು. 1925ರಲ್ಲಿ ಅದು ಬಿದ್ದುಹೋಯಿತು. ಕೇಂದ್ರದಲ್ಲಿ ಸೋತ ವಿಷಯವು ಪ್ರಾಂತದಲ್ಲಿ ತಲೆಯೆತ್ತಿತು. 1928ರಲ್ಲಿ ಮುಂಬಯಿಯ ಶಾಸನಪರಿಷತ್ತಿನಲ್ಲಿ ಅಂಥದೇ ಮಸೂದೆಯು ಚರ್ಚೆಗೆ ಬಂದಾಗ ಡಾಕ್ಟರ್ ಬಿ. ಆರ್. ಅಂಬೇಡ್ಕರರು ಅದನ್ನು ಬೆಂಬಲಿಸಿದರು. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರೆಯುವುದು ದೇಶದ ಹಿತಕ್ಕೇ ಸೇರಿದುದು. ಆದುದರಿಂದ ಹೊರೆಯ ಬಹುಭಾಗವನ್ನು ಸರ್ಕಾರವು ಹೊರಬೇಕು. ಆದರೂ ಅವಳ ದುಡಿಮೆಯಿಂದ ಲಾಭವನ್ನು ಪಡೆಯುವ ಒಡೆಯನು ತನ್ನ ಪಾಲನ್ನು ಕೊಡುವುದು ಅನ್ಯಾಯವಲ್ಲವೆಂದು ಅವರ ವಾದ. 1929ರಲ್ಲಿ ಮುಂಬಯಿಯ ಕಾಯಿದೆಯು ಜನ್ಮ ತಾಳಿತು. ದಿನಕ್ಕೆ ಎಂಟಾಣೆ, ಏಳು ವಾರಗಳಿಗೆ ಮೀರದಂತೆ. ಇಷ್ಟೇ ಅದು ಕೊಟ್ಟುದು. ಆದರೂ ಬ್ರಿಟಿಷ್ ಭಾರತದಲ್ಲಿ ಇದೇ ಮೊದಲನೆಯದು.

1931ರಲ್ಲಿ ಪ್ರಕಟವಾದ ರಾಜಕೀಯ ಕಾರ್ಮಿಕ ಆಯೋಗದ ವರದಿಯು ಇಂಥ ಶಾಸನವು ದೇಶವಿಡೀ ಬೇಕೆಂದು ಸಲಹೆ ಮಾಡಿತು. ಮದರಾಸು ಪ್ರಾಂತವು 1934ರಲ್ಲಿಯೂ ಮೈಸೂರು ಸಂಸ್ಥಾನವು 1937ರಲ್ಲಿಯೂ ತಮ್ಮ ಕಾಯಿದೆಗಳನ್ನು ಮಾಡಿದುವು. ಗಣಿಗಳ ಹೆಂಗಸರಿಗಾಗಿ 1941ರಲ್ಲಿ ಕೇಂದ್ರದ ಕಾಯಿದೆಯೊಂದು ಬಂದಿತು. ಆದರೆ ಇವೆಲ್ಲವುಗಳಲ್ಲಿಯೂ ಒಂದು ಊನವಿದ್ದಿತು. ವಾಷಿಂಗ್ಟನ್ನಿನಲ್ಲಿ ಬೊಕ್ಕಸವನ್ನೂ ವಿಮೆಯನ್ನೂ ಹೆಸರಿಸಿದ್ದರೆ, ಇಲ್ಲಿ ಹಣವೆಲ್ಲ ಒಡೆಯನೊಬ್ಬನ ಕೈಯಿಂದಲೇ ಸಲ್ಲಬೇಕಾಗಿತ್ತು. ಅದರ ಫಲವಾಗಿ, ಗರ್ಭದ ಲಕ್ಷಣ ಕಂಡೊಡನೆ ಕೆಲಸದಿಂದ ಬಿಡಿಸುವುದು, ಮದುವೆಯಾದವಳನ್ನು ಸೇರಿಸಿಕೊಳ್ಳದಿರುವುದು ಮುಂತಾದ ಉಪಾಯಗಳು ತಲೆದೋರಿದುವು. ರಕ್ಷಣೆಗೆಂದು ಹಾಕಿದ ಬೇಲಿಯೇ ಹೊಲದ ಬಾಗಿಲನ್ನು ಮುಚ್ಚಿದಂತಾಯಿತು.

ಈ ಊನವನ್ನು ತುಂಬಲು 1948ರ ನೌಕರರ ರಾಜ್ಯವಿಮಾ ಕಾಯಿದೆಯು ಯತ್ನಿಸಿತು. ಒಡೆಯನೂ ಕೆಲಸಗಾರನೂ ಕೊಡುವ ವಂತಿಗೆಯು ಒಂದೇ ನಿಧಿಗೆ ಸೇರಿ, ಅದರಿಂದ ಬಾಣಂತಿಗೆ ಹಣವು ಸಲ್ಲುವ ಈ ಕ್ರಮವು 1952ರಲ್ಲಿ ಕಾನಪುರ, ದೆಹಲಿಗಳಲ್ಲಿ ಮೊದಲಾಯಿತು. ಅಷ್ಟರೊಳಗೆ 1950ರ ಸಂವಿಧಾನವು ತನ್ನ 42ನೆಯ ಅನುಚ್ಛೇದದಲ್ಲಿ ಪ್ರಸೂತಿ ಸಹಾಯವನ್ನು ರಾಜ್ಯದ ಕರ್ತವ್ಯಗಳ ಸಾಲಿಗೆ ಸೇರಿಸಿತ್ತು. 1928ರಲ್ಲಿ ಮುಂಬಯಿಯಲ್ಲಿ ಮಾತನಾಡಿದ ಅಂಬೇಡ್ಕರರೇ ಅದರ ಕರಡು ಸಮಿತಿಯ ಅಧ್ಯಕ್ಷರಾಗಿದ್ದುದು ಗಮನಿಸತಕ್ಕ ಸಂಗತಿ. ವಿಮೆಯ ವ್ಯಾಪ್ತಿಗೆ ಬಾರದವರಿಗಾಗಿ 1961ರಲ್ಲಿ ಪಾರ್ಲಿಮೆಂಟು ಪ್ರಸೂತಿ ಸೌಲಭ್ಯದ ಕಾಯಿದೆಯನ್ನು ಮಾಡಿತು. ಅದು ಹನ್ನೆರಡು ವಾರಗಳ ವೇತನವನ್ನು ಕೊಡಿಸಿತು. ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯಬಾರದೆಂದಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆರಡು ಬಿಡುವುಗಳನ್ನಿತ್ತಿತು. ಆದರೆ ಇಲ್ಲಿಯೂ ಹೊರೆಯು ಒಡೆಯನ ಹೆಗಲಿನ ಮೇಲೆಯೇ ಉಳಿಯಿತು.

ಆ ಹನ್ನೆರಡು ವಾರಗಳನ್ನು ಎಣಿಸುವುದು ಹೇಗೆಂಬುದೂ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿತು. ಕೊಯಮತ್ತೂರು ಪ್ರದೇಶದ ತೋಟವೊಂದರ ಕೆಲಸದವಳಿಗೆ 1967ರ ಡಿಸೆಂಬರಿನಲ್ಲಿ ಹೆರಿಗೆಯಾಯಿತು. ಭಾನುವಾರಗಳಂದು ಕೆಲಸವಿಲ್ಲ, ಕೂಲಿಯೂ ಇಲ್ಲವೆಂದು ತೋಟದವರು 72 ದಿನಗಳ ಲೆಕ್ಕದಲ್ಲಿ ಹಣ ಕೊಟ್ಟರು. ವಾರಕ್ಕೆ ಏಳು ದಿನಗಳಾದುದರಿಂದ 84 ದಿನಗಳದು ಸಲ್ಲಬೇಕೆಂದು ಅವಳ ಬೇಡಿಕೆ. ಹನ್ನೆರಡು ದಿನಗಳ ಕೂಲಿಯ ಈ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1977ರಲ್ಲಿ ಭಾನುವಾರಗಳೂ ಸೇರತಕ್ಕುವೆಂದು ತೀರ್ಪಾಯಿತು. ಹೆರಿಗೆಯ ನಿಯಮವು ತಾಯಿಯ ಜೀವನಿರ್ವಾಹಕ್ಕೆ ಮಾತ್ರವಲ್ಲದೆ ಅವಳ ಕುಗ್ಗಿದ ಶಕ್ತಿಯು ಮರಳುವುದಕ್ಕೂ ಶಿಶುಪೋಷಣೆಗೂ ಇರುವುದೆಂದು ನ್ಯಾಯಮೂರ್ತಿಗಳು ಕಂಡರು. ಹಸಿವಿಗೆ ಭಾನುವಾರದ ಬಿಡುವಿಲ್ಲವೆಂಬುದು ಸ್ಥಿರಪಡಲು ಹೆರಿಗೆಯಾಗಿ ಹತ್ತು ವರ್ಷ ತುಂಬುತ್ತ ಬಂದಿದ್ದಿತು. ದಿನಗೂಲಿಯ ಹೆಂಗಸರಿಗೂ ಈ ಹಕ್ಕು ಉಂಟೆಂದು, ದೆಹಲಿಯ ನಗರಸಭೆಯ ಕೆಲಸಗಾರ್ತಿಯರ ವಿಷಯದಲ್ಲಿ, ಅದೇ ನ್ಯಾಯಾಲಯವು 2000ದಲ್ಲಿ ನಿರ್ಣಯಿಸಿತು.

2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳ ಹೆರಿಗೆಗಳಿಗೆ ರಜೆಯು ಹನ್ನೆರಡು ವಾರಗಳಿಂದ ಇಪ್ಪತ್ತಾರಕ್ಕೆ ಏರಿತು. ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟ ನೌಕರರಿರುವ ಸಂಸ್ಥೆಗಳಲ್ಲಿ ಶಿಶುಗೃಹವಿರಬೇಕೆಂದಾಯಿತು. ತಂದೆಯ ಮಾತನ್ನು ಮಾತ್ರ ಅದು ಎತ್ತಲಿಲ್ಲ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿಯೇ ಹದಿನೈದು ದಿನಗಳ ರಜೆ ದೊರೆತಿತ್ತು. ಸ್ವೀಡನ್ ದೇಶವಾದರೋ 1974ರಲ್ಲಿಯೇ ತಾಯಿತಂದೆಗಳಿಬ್ಬರೂ ಹಂಚಿಕೊಳ್ಳತಕ್ಕ ರಜೆಯನ್ನು ಸಮಾಜವಿಮೆಯ ಹಣದಿಂದ ಏರ್ಪಡಿಸಿತು. ರಜೆಯು ಇಬ್ಬರದೂ ಆದಲ್ಲಿ, ವೆಚ್ಚವು ಎಲ್ಲರದೂ ಆದಲ್ಲಿ, ಹೆಣ್ಣನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಒಡೆಯನು ಹಿಂಜರಿಯುವುದಕ್ಕೆ ಕಾರಣವು ಕಡಮೆಯಾಗುತ್ತದೆ. 1952ರ ಅಂತರರಾಷ್ಟ್ರೀಯ ಒಡಂಬಡಿಕೆಯು ಒಡೆಯನೊಬ್ಬನನ್ನೇ ಹೊಣೆ ಮಾಡಬಾರದೆಂದು ಸ್ಪಷ್ಟವಾಗಿ ವಿಧಿಸಿದುದು ಈ ಅಭಿಪ್ರಾಯದಿಂದಲೇ.

ಒಡೆಯನೇ ಗೊತ್ತಿಲ್ಲದ ದುಡಿಮೆಯೂ ಉಂಟಷ್ಟೆ. ಇಂದು ಒಬ್ಬರ ಹೊಲದಲ್ಲಿ, ನಾಳೆ ಇನ್ನೊಬ್ಬರ ಕಟ್ಟಡದಲ್ಲಿ ದುಡಿಯುವವಳು ಇಪ್ಪತ್ತಾರು ವಾರಗಳನ್ನು ಯಾರ ಬಾಗಿಲಲ್ಲಿ ಕೇಳಬೇಕು? 2013ರ ಆಹಾರ ಭದ್ರತಾ ಕಾಯಿದೆಯು ಇಂಥವರಿಗೆ 6,000 ರೂಪಾಯಿಗಳಿಗೆ ಕಡಮೆಯಾಗದ ಸಹಾಯವನ್ನು ಹೇಳಿತು. 2017ರ ಮಾತೃವಂದನಾ ಯೋಜನೆಯು ಮೊದಲ ಮಗುವಿಗೆ 5,000 ರೂಪಾಯಿಗಳನ್ನು ಗೊತ್ತುಮಾಡಿತು. ಬೊಕ್ಕಸವು ತನ್ನ ಹೊಣೆಯನ್ನು ಒಪ್ಪಿಕೊಂಡ ಕುರುಹು ಇದಾದರೂ, ಇಷ್ಟು ಹಣದಿಂದ ಆರು ತಿಂಗಳ ಸಂಸಾರವು ಸಾಗದು. ಕೌಟಿಲ್ಯನ ವಿಧಿಯಲ್ಲಿ ಮಾರಿದವನು, ಕೊಂಡವನು, ನೋಡುತ್ತ ನಿಂತವನು, ಮೂವರೂ ಹೊಣೆಗಾರರು. ದಾಸ್ಯವು ಅಳಿಯಿತು, ಗರ್ಭಭರ್ಮದ ಸಾಲವು ಉಳಿಯಿತು. ಕೆಲಸ ಕೊಡುವವನು, ದೇಶವನ್ನಾಳುವವರು, ಅವಳ ದುಡಿಮೆಯ ಫಲವನ್ನು ಉಣ್ಣುವ ಸಮಾಜ, ಮೂವರೂ ಕೂಡಿ ತೀರಿಸಿದ ದಿನ ಸುಶ್ರುತದ ಒಂದೂವರೆ ತಿಂಗಳು ಹೊಲದಲ್ಲಿ ಕಳೆ ಕೀಳುವವಳಿಗೂ ಸಲ್ಲುವುದು.