‘ಇಂದ್ರಜಾಲ’ ಬೇರಲ್ಲ, ಹವಳ: ಅಂಗಡಿಯವರು, ಪ್ರವಾಸ ಹೋಗುವವರು ತಿಳಿದಿರಬೇಕಾದ ಕಾನೂನು, ಕಡಲಿನ ವಿಚಾರ

ಹರಿಯಬ್ಬೆ: ಕಪ್ಪು ಬಲೆಯಂಥ ಒಂದು ವಸ್ತು. ಬೀಸಣಿಗೆ ಹಾಗೆ ಅಗಲವಾಗಿ ಹರಡಿಕೊಂಡಿರುತ್ತೆ. ಗಾಜಿನ ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿದರೆ ವಾಸ್ತು ದೋಷ ಹೋಗುತ್ತೆ, ದೃಷ್ಟಿ ತಾಗಲ್ಲ, ವ್ಯಾಪಾರ ಕುದುರುತ್ತೆ ಅಂತ ಹೇಳಿ ಮಾರುತ್ತಾರೆ. ಹೆಸರು ‘ಇಂದ್ರಜಾಲ’. ಕೆಲವರು ಇದನ್ನು ಅಪರೂಪದ ಬೇರು ಅಂತಾರೆ, ಕೆಲವರು ಸಮುದ್ರದ ಗಿಡ ಅಂತಾರೆ. ನಿಜ ಏನೆಂದರೆ ಇದು ಬೇರೂ ಅಲ್ಲ, ಗಿಡವೂ ಅಲ್ಲ. ಸಮುದ್ರದ ತಳದಲ್ಲಿ ಬೆಳೆಯುವ ಹವಳ ಜಾತಿಯ ಪ್ರಾಣಿಯ ಒಣಗಿದ ಅಸ್ಥಿಪಂಜರ. ಇದನ್ನು ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಮೂರೂ ಅಪರಾಧ.

ಸಮುದ್ರ ಇಲ್ಲದ ಬಯಲುಸೀಮೆಯವರಿಗೆ ಈ ವಿಚಾರ ಯಾಕೆ ಅನ್ನಿಸಬಹುದು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಸುದ್ದಿ ರಾಜ್ಯದ ತುಂಬಾ ಸದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಹುಲಿಗೆ ರಕ್ಷಣೆ ಕೊಡುವ ಅದೇ ಕಾಯ್ದೆ, ಅದೇ ಒಂದನೇ ಅನುಸೂಚಿ ಹವಳಕ್ಕೂ ರಕ್ಷಣೆ ಕೊಟ್ಟಿದೆ. ಹುಲಿ ಉಗುರು ಎಂದರೆ ಈಗ ಜನ ಹೆದರುತ್ತಾರೆ. ಇಂದ್ರಜಾಲದ ವಿಷಯದಲ್ಲಿ ಆ ಹೆದರಿಕೆ ಇಲ್ಲ, ಯಾಕೆಂದರೆ ಅದು ಪ್ರಾಣಿ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ.

ಹವಳ ಅಂದರೆ ಏನು?

ಹವಳ ಎಂದ ಕೂಡಲೇ ನಮ್ಮ ಕಡೆ ನೆನಪಾಗುವುದು ಕುಜ ದೋಷಕ್ಕೆ ಹಾಕುವ ಕೆಂಪು ಹವಳದ ಉಂಗುರ. ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರ ಮತ್ತು ಜಪಾನ್ ಕಡೆಯಿಂದ ಬರುವಂಥದ್ದು. ನಮ್ಮ ದೇಶದ ಕಡಲಿನಲ್ಲಿ ಬಂಡೆ ಕಟ್ಟುವ ಹವಳ ಬೇರೆ.

ಬಂಡೆ ಕಟ್ಟುವ ಹವಳ ಪಾಲಿಪ್ ಎಂಬ ಪುಟ್ಟ ಜೀವಿಗಳ ಗುಂಪು. ಒಂದೊಂದು ಪಾಲಿಪ್ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಇರುತ್ತೆ. ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶ ಹೀರಿಕೊಂಡು ತನ್ನ ಸುತ್ತ ಗಟ್ಟಿ ಗೂಡು ಕಟ್ಟುತ್ತೆ. ಸಾವಿರಾರು ವರ್ಷ ಗೂಡಿನ ಮೇಲೆ ಗೂಡು ಬೆಳೆದು ಹವಳದ ದಿಬ್ಬ ಆಗುತ್ತೆ. ಉಂಡೆ ಆಕಾರದ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಕವಲು ಕವಲಾಗಿ ಬೆಳೆಯುವ ಜಾತಿಗಳು ಸ್ವಲ್ಪ ಬೇಗ ಬೆಳೆಯುತ್ತವೆ.

ಇಂದ್ರಜಾಲ ಎಂದು ಮಾರುವುದು ಕಡಲ ಬೀಸಣಿಗೆ ಮತ್ತು ಕಪ್ಪು ಹವಳ ಎಂಬ ಜಾತಿಗಳನ್ನು. ಇವು ಕಲ್ಲಿನ ದಿಬ್ಬ ಕಟ್ಟುವುದಿಲ್ಲ, ಕೊಂಬೆಯ ಹಾಗೆ ಬೆಳೆಯುತ್ತವೆ. ಬಹಳ ನಿಧಾನ. ಕಪ್ಪು ಹವಳದ ಕೆಲವು ಜಾತಿಗಳು ಸಾವಿರಾರು ವರ್ಷ ಬದುಕಿರುವುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗೋಡೆ ಮೇಲಿನ ಒಂದು ಫ್ರೇಮ್‌ಗಾಗಿ ಕಿತ್ತಿದ್ದು ಮತ್ತೆ ಬೆಳೆಯೋದಕ್ಕೆ ಒಂದು ತಲೆಮಾರು ಸಾಲದೇ ಹೋಗಬಹುದು.

ಜೀವಿಗಳು ಕಲ್ಲು ಕಟ್ಟಿದ ಗುರುತು ನಮ್ಮ ಜಿಲ್ಲೆಯಲ್ಲೂ ಇದೆ. ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಎಂಬ ಪದರಗಲ್ಲುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಈ ಶಿಲಾಸಮೂಹಕ್ಕೆ ‘ವಾಣಿವಿಲಾಸ’ ಎಂದೇ ಹೆಸರಿಟ್ಟಿದ್ದಾರೆ. ಇವು ಹವಳ ಅಲ್ಲ. 250 ಕೋಟಿ ವರ್ಷಕ್ಕೂ ಹಿಂದೆ, ಇಲ್ಲಿ ತೆಳು ಸಮುದ್ರ ಇದ್ದಾಗ ಸೂಕ್ಷ್ಮಜೀವಿಗಳು ಕಟ್ಟಿದ ಕಲ್ಲು.

ಹವಳದಿಂದ ಏನು ಉಪಯೋಗ?

ಜಗತ್ತಿನ ಸಮುದ್ರ ತಳದಲ್ಲಿ ಹವಳದ ದಿಬ್ಬ ಇರುವುದು ಶೇ 1ಕ್ಕಿಂತ ಕಡಿಮೆ ಜಾಗದಲ್ಲಿ. ಆದರೆ ಸಮುದ್ರ ಜೀವಿಗಳಲ್ಲಿ ನಾಲ್ಕನೇ ಒಂದು ಭಾಗದಷ್ಟು ಜಾತಿಗಳು ಬದುಕಿನ ಯಾವುದಾದರೂ ಹಂತದಲ್ಲಿ ಅದನ್ನೇ ನಂಬಿಕೊಂಡಿವೆ. ಮೀನು ಮೊಟ್ಟೆ ಇಡಲು, ಮರಿಗಳು ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳಲು ಹವಳದ ಸಂದುಗೊಂದುಗಳೇ ಆಸರೆ. ನಮ್ಮಲ್ಲಿ ಕೆರೆ ಅಂಚಿನ ಜೊಂಡು, ನೀರಿನೊಳಗಿನ ಗಿಡಗಂಟಿ ಮಾಡುವ ಕೆಲಸವನ್ನು ಅಲ್ಲಿ ಹವಳ ಮಾಡುತ್ತೆ. ಜೊತೆಗೆ ಅಲೆಯ ಹೊಡೆತ ತಡೆದು ದಡ ಕೊರೆಯದಂತೆ ಕಾಯುತ್ತೆ.

ಕಾಯದೇ ಹೋದರೆ ಏನಾಗುತ್ತೆ ಎಂಬುದಕ್ಕೆ ತಮಿಳುನಾಡಿನ ಮನ್ನಾರ್ ಕೊಲ್ಲಿ ಉದಾಹರಣೆ. ಅಲ್ಲಿ ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ದಶಕಗಳ ಕಾಲ ಹವಳ ಅಗೆದು ಸಾಗಿಸಿದರು. 1986ರಲ್ಲಿ 21 ದ್ವೀಪಗಳನ್ನು ಸೇರಿಸಿ ಸಾಗರ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಲಾಯಿತು. ಅವುಗಳಲ್ಲಿ ಎರಡು ದ್ವೀಪಗಳು ಇವತ್ತು ನೀರಿನ ಮೇಲೆ ಇಲ್ಲ. ಸುತ್ತಲಿನ ಹವಳ ಹೋಗಿದ್ದರಿಂದ ಅಲೆ ಕೊರೆದು ದ್ವೀಪಗಳೇ ಮುಳುಗಿದವು.

ಕರ್ನಾಟಕದ ಹವಳ ಇರುವುದು ನೇತ್ರಾಣಿಯಲ್ಲಿ

ದೇಶದ ದೊಡ್ಡ ಹವಳ ಪ್ರದೇಶಗಳು ನಾಲ್ಕು: ಮನ್ನಾರ್ ಕೊಲ್ಲಿ–ಪಾಕ್ ಕೊಲ್ಲಿ, ಗುಜರಾತಿನ ಕಛ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್. ನಮ್ಮ ರಾಜ್ಯದ ಕರಾವಳಿ 300 ಕಿ.ಮೀ.ಗೂ ಉದ್ದ ಇದ್ದರೂ ಹವಳ ಹೇಳಿಕೊಳ್ಳುವ ಹಾಗೆ ಕಾಣುವುದು ಉತ್ತರ ಕನ್ನಡ ಜಿಲ್ಲೆಯ ನೇತ್ರಾಣಿ ದ್ವೀಪದ ಸುತ್ತ. ಮಳೆಗಾಲದಲ್ಲಿ ಘಟ್ಟದ ನದಿಗಳು ತರುವ ಸಿಹಿನೀರು, ಕೆಸರು ಹವಳಕ್ಕೆ ಆಗಿಬರಲ್ಲ. ನೇತ್ರಾಣಿ ದಡದಿಂದ ದೂರ ಇರುವುದರಿಂದ ಅಲ್ಲಿನ ನೀರು ತಿಳಿ.

ಶಾಲಾ ಪ್ರವಾಸದಲ್ಲಿ ಜೋಗ ನೋಡಿ ಹೊನ್ನಾವರ ಇಳಿದು ಮುರುಡೇಶ್ವರಕ್ಕೆ ಹೋಗಿ ಬಂದವರು ತಾಲ್ಲೂಕಿನಲ್ಲಿ ಬಹಳ ಜನ ಇದ್ದಾರೆ. ಆ ಮುರುಡೇಶ್ವರದಿಂದ ಕಡಲಿನಲ್ಲಿ ಸುಮಾರು 19 ಕಿ.ಮೀ. ಒಳಗೆ ನೇತ್ರಾಣಿ ಇದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಮೀನುಗಾರರು ಹರಕೆ ಒಪ್ಪಿಸುವ ಜಾಗವೂ ಹೌದು. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತೆ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸದ ಗುರಿಯಾಗಿ ಬಳಸುತ್ತಿತ್ತು. ಪರಿಸರದ ಕಾಳಜಿ ಇರುವವರು ಇದನ್ನು ವಿರೋಧಿಸುತ್ತಾ ಬಂದರು.

ಈಗ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಪ್ರವಾಸಿಗರನ್ನು ಸ್ಕೂಬಾ ಡೈವಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ. ಇದರಿಂದ ಸ್ಥಳೀಯರಿಗೆ ದುಡಿಮೆ ಸಿಕ್ಕಿದೆ. ಆದರೆ ದೋಣಿಯ ಲಂಗರು ಹವಳದ ಮೇಲೆ ಬಿದ್ದರೆ, ನೀರಿಗಿಳಿದವರು ಹವಳ ಹಿಡಿದರೆ, ತುಳಿದರೆ ಅದು ಮುರಿಯುತ್ತೆ. ಲಂಗರು ಇಳಿಸದೆ, ಮೊದಲೇ ನೆಟ್ಟ ತೇಲುಬುರುಡೆಗೆ ದೋಣಿ ಕಟ್ಟುವುದು ಹವಳ ಇರುವ ಕಡೆ ಪಾಲಿಸುವ ಕ್ರಮ. ನೋಡಬಹುದು, ಮುಟ್ಟಬಾರದು, ತರಬಾರದು, ಅಷ್ಟೇ.

ಬಿಸಿ ಏರಿದರೆ ಹವಳ ಬಿಳಿಚುತ್ತೆ

ಹವಳಕ್ಕೆ ಬಣ್ಣ, ಬಹುಪಾಲು ಆಹಾರ ಎರಡೂ ಸಿಗುವುದು ಅದರ ಮೈಯಲ್ಲಿ ಬದುಕುವ ಪಾಚಿಯಿಂದ. ಸಮುದ್ರದ ನೀರಿನ ಉಷ್ಣಾಂಶ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಬರೀ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತೆ. ಆಗ ಅದು ಬೆಳ್ಳಗಾಗುತ್ತೆ. ತಕ್ಷಣ ಸಾಯಲ್ಲ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತೆ. 1998ರಲ್ಲಿ ಜಗತ್ತಿನಾದ್ಯಂತ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತು ನಾಲ್ಕನೇ ಬಾರಿ ಇದನ್ನು ಎದುರಿಸುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬಿಳಿಚಿತು.

ಈ ಬಿಸಿಯನ್ನು ಒಂದು ಊರು, ಒಂದು ಇಲಾಖೆ ತಡೆಯೋಕೆ ಆಗಲ್ಲ. ಆದರೆ ಕಿತ್ತು ಮಾರುವುದು, ಕಸ ಸುರಿಯುವುದು, ಬಲೆ ಎಳೆದು ತಳ ಕೆರೆಯುವುದು ನಿಂತರೆ, ಬಿಸಿ ಇಳಿದ ಮೇಲೆ ಹವಳ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತೆ.

ಕಾನೂನು ಏನು ಹೇಳುತ್ತೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಒಂದನೇ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಎಲ್ಲ ಹವಳ, ಕಪ್ಪು ಹವಳ, ಕಡಲ ಬೀಸಣಿಗೆ, ಬೆಂಕಿ ಹವಳಗಳನ್ನು ಸೇರಿಸಲಾಯಿತು. ಕಡಲಕುದುರೆ, ಕಡಲಸೌತೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದನೇ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಇಂದ್ರಜಾಲ ಮಾರುತ್ತಿದ್ದ ಅಂಗಡಿಗಳ ಮೇಲೆ ಹಲವು ರಾಜ್ಯಗಳಲ್ಲಿ ದಾಳಿ ನಡೆದು ಪ್ರಕರಣ ದಾಖಲಾಗಿವೆ. ‘ಬೇರು ಅಂತ ತಿಳಿದಿದ್ದೆ’ ಅಂದರೆ ಪ್ರಕರಣ ತಪ್ಪುತ್ತೆ ಅನ್ನೋ ಭರವಸೆ ಇಲ್ಲ.

ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಹವಳ ಇರುವ ಜಾಗ ಅತಿ ಸೂಕ್ಷ್ಮ ಎಂಬ ವರ್ಗಕ್ಕೆ ಸೇರುತ್ತೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಗೆ ರಾಜ್ಯದ 1986ರ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಅನ್ವಯ.

ಜೂನ್–ಜುಲೈನಲ್ಲಿ ಮೀನು ತುಟ್ಟಿ ಯಾಕೆ?

ಐಸ್ ಪೆಟ್ಟಿಗೆಯಲ್ಲಿ ಬರುವ ಬಂಗುಡೆ, ಬೂತಾಯಿ ಜೂನ್ ಬಂತೆಂದರೆ ಕಡಿಮೆಯಾಗಿ ದರ ಏರುತ್ತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ. ಅದು ಬಹಳಷ್ಟು ಮೀನುಗಳು ಮರಿ ಮಾಡುವ ಕಾಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ನಂತರ ಆ ಕಡೆಯಿಂದ ಸಮುದ್ರ ಮೀನು ಬರಲು ಅವಕಾಶ ಇದೆ. ಈ ಎರಡು ತಿಂಗಳು ವಾಣಿವಿಲಾಸ ಸಾಗರ ಮತ್ತು ಕೆರೆಗಳ ಕಾಟ್ಲಾ, ರೋಹು ಕೊಂಡರೆ ಸ್ಥಳೀಯ ಮೀನುಗಾರರಿಗೂ ಅನುಕೂಲ.

ಬೆರಳುದ್ದದ ಮರಿ ಮೀನು ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನುವುದು ಒಳ್ಳೆಯದು. ಅದು ಮೊಟ್ಟೆ ಇಡುವ ಮೊದಲೇ ಬಲೆಗೆ ಬಿದ್ದ ಮೀನಾಗಿದ್ದರೆ, ಮುಂದಿನ ವರ್ಷದ ದರವನ್ನು ಅದೇ ಏರಿಸುತ್ತೆ.

ಏನು ಮಾಡಬೇಕು?

* ಗ್ರಂಥಿಗೆ ಅಂಗಡಿ, ಫ್ಯಾನ್ಸಿ ಸ್ಟೋರ್‌ನವರು ಇಂದ್ರಜಾಲ, ಒಣಗಿದ ಕಡಲಕುದುರೆ, ಬಿಳಿ ಹವಳದ ಕಲ್ಲು ತರಿಸಬೇಡಿ. ಏಜೆಂಟರು ಬಿಲ್ ಕೊಡುತ್ತೇವೆ ಅಂದರೂ ಅದು ಕಾನೂನುಬದ್ಧ ಆಗಲ್ಲ.
* ರಾಮೇಶ್ವರ, ಅಂಡಮಾನ್ ಪ್ರವಾಸ ಹೋದವರು ಹವಳದ ತುಂಡು ನೆನಪಿಗೆ ಅಂತ ತರಬೇಡಿ. ದಡದಲ್ಲಿ ಬಿದ್ದಿದ್ದಾದರೂ ಸರಿ.
* ಇಂಥ ವಸ್ತು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತೆ. ಈಗಾಗಲೇ ಮನೆಯಲ್ಲಿದ್ದರೆ ಎಸೆಯುವುದು, ಇನ್ನೊಬ್ಬರಿಗೆ ಕೊಡುವುದು ಬೇಡ. ವಲಯ ಅರಣ್ಯ ಕಚೇರಿಗೆ ಲಿಖಿತವಾಗಿ ತಿಳಿಸಿ ಒಪ್ಪಿಸುವುದು ಸರಿಯಾದ ದಾರಿ. ಅರಣ್ಯ ಇಲಾಖೆ ಸಹಾಯವಾಣಿ 1926.
* ವೇದಾವತಿಗೆ, ಹಳ್ಳಕ್ಕೆ ಪ್ಲಾಸ್ಟಿಕ್ ಸುರಿಯಬೇಡಿ. ನಮ್ಮ ನೀರು ನೇತ್ರಾಣಿ ಕಡೆ ಹೋಗಲ್ಲ ನಿಜ. ವೇದಾವತಿ ಹಗರಿಯಾಗಿ ತುಂಗಭದ್ರೆ ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಮುಟ್ಟುತ್ತೆ. ಅಲ್ಲಿಯೂ ಮೀನು ಹಿಡಿದು ಬದುಕುವ ಊರುಗಳಿವೆ.

ಇಂದ್ರಜಾಲ ಕಿತ್ತು ತರುವವರು ಯಾರೋ, ಎಲ್ಲಿಯೋ ಇರುತ್ತಾರೆ. ಅದು ಮಾರಾಟ ಆಗುವುದು ನಮ್ಮಂಥ ಊರುಗಳಲ್ಲೂ. ಕೊಳ್ಳುವವರು ಇಲ್ಲದಿದ್ದರೆ ಕೀಳುವವರಿಗೂ ಕೆಲಸ ಇರಲ್ಲ.