ಬೆನ್ನಿನ ಹೊರೆ, ದಾರಿಯ ಆಸರೆ: ದೂರಪ್ರಯಾಣದ ಗಂಟುಮೂಟೆಯ ಚರಿತ್ರೆ

ಕಡಲಾಚೆಯ ದೀರ್ಘ ಪ್ರವಾಸಕ್ಕೆ ಬೇಕಾದುದನ್ನೆಲ್ಲ ಒಂದೇ ಚೀಲದಲ್ಲಿ ತುಂಬಿ, ಅದನ್ನು ತಾನೇ ಹೊತ್ತು ತಿಂಗಳುಗಟ್ಟಲೆ ಅಲೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಪರೂಪವಾಗಿತ್ತು. ಬೆನ್ನ ಮೇಲೆ ಹೊರುವ ರೂಢಿಯೇನೋ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ‘ಓಟ್ಸಿ’ ಎಂಬ ಮನುಷ್ಯನ ದೇಹದ ಬಳಿಯಿದ್ದ ಬಾಗಿಸಿದ ಮರದ ಕೋಲನ್ನೂ ಹಲಗೆಗಳನ್ನೂ ಹೆಚ್ಚಿನ ವಿದ್ವಾಂಸರು ಬೆನ್ನಿಗೆ ಕಟ್ಟಿಕೊಳ್ಳುವ ಚೌಕಟ್ಟೆಂದೇ ಗುರುತಿಸಿದ್ದಾರೆ. ಹೊಟ್ಟೆಪಾಡಿಗಾಗಿ ಹೊರುವವರು ಎಲ್ಲ ಕಾಲದಲ್ಲಿಯೂ ಇದ್ದರು. ತಿರುಗಾಟದ ಸುಖಕ್ಕಾಗಿ ಸ್ವಂತ ಇಚ್ಛೆಯಿಂದ ಹೊರುವವನು ಮಾತ್ರ ಹೊಸಬ. ಇವನ ಹೊರೆ ಹಗುರಾದುದರ ಹಿರಿಮೆಯನ್ನು ಚೀಲ ತಯಾರಕರ ಜಾಣ್ಮೆಗೆ ಸಲ್ಲಿಸುವುದು ವಾಡಿಕೆಯಾದರೂ, ದಾರಿಯುದ್ದಕ್ಕೂ ಅವನಿಗಾಗಿ ಹುಟ್ಟಿಕೊಂಡ ವಸತಿ, ಹಣ ಮತ್ತು ಅಂಚೆಯ ಏರ್ಪಾಡುಗಳ ಪಾಲು ಅದರಲ್ಲಿ ಹೆಚ್ಚಿನದೆಂದು ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಪ್ರಯಾಣಿಕನು ದಾರಿಯಲ್ಲಿ ಏನೂ ಸಿಗದೆಂಬ ಭಾವನೆಯಿಂದಲೇ ಹೊರಡುತ್ತಿದ್ದನು. ನೈಋತ್ಯ ಆಫ್ರಿಕದಲ್ಲಿ ಸಂಚರಿಸಿ ಬಂದ ಫ್ರಾನ್ಸಿಸ್ ಗಾಲ್ಟನ್ 1855ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಟ್ರಾವೆಲ್’ ಎಂಬ ಕೈಪಿಡಿ ಡೇರೆ, ಹಾಸಿಗೆ, ಪಾತ್ರೆ, ಔಷಧಿ, ಮದ್ದುಗುಂಡುಗಳವರೆಗೆ ಒಯ್ಯಬೇಕಾದ ವಸ್ತುಗಳನ್ನು ತೂಕದ ಲೆಕ್ಕದೊಡನೆ ವಿವರಿಸುತ್ತದೆ. ಆದರೆ ಆ ತೂಕ ಹೆಚ್ಚಾಗಿ ಎತ್ತಿನ ಬಂಡಿಯ, ಹೇರು ಪ್ರಾಣಿಗಳ ಮತ್ತು ಸ್ಥಳೀಯ ಕೂಲಿಗಳ ಪಾಲಿನದೇ ಹೊರತು ಯಜಮಾನನ ಬೆನ್ನಿನದಲ್ಲ. ಹೊರುವವನು ಬೇರೆ, ಪಟ್ಟಿ ಬರೆಯುವವನು ಬೇರೆ ಆಗಿರುವಷ್ಟು ಕಾಲ ಪಟ್ಟಿ ಚಿಕ್ಕದಾಗುವುದಕ್ಕೆ ಕಾರಣವಿರಲಿಲ್ಲ.

ಈ ಎರಡು ಪಾತ್ರಗಳನ್ನು ಒಬ್ಬನಲ್ಲಿಯೇ ಸೇರಿಸಿದ ಚಳವಳಿಗಳಲ್ಲಿ ಜರ್ಮನಿಯ ‘ವಾಂಡರ್‌ಫೋಗೆಲ್’ ಮುಖ್ಯವಾದುದು. 1901ರಲ್ಲಿ ಬರ್ಲಿನ್ ಸಮೀಪದ ಸ್ಟೆಗ್ಲಿಟ್ಸ್‌ನಲ್ಲಿ ಸಂಘದ ರೂಪ ತಾಳಿದ ಈ ವಿದ್ಯಾರ್ಥಿ ಸಮೂಹ, ನಗರದ ಶಿಸ್ತಿನ ಬದುಕಿಗೆ ಬೇಸತ್ತು ಚೀಲ ಹೊತ್ತು ಹಳ್ಳಿಗಾಡಿನಲ್ಲಿ ಅಲೆಯುತ್ತಿತ್ತು. ಇಂಥ ನಡಿಗೆಯ ಮಕ್ಕಳಿಗೆ ರಾತ್ರಿ ತಂಗಲು ಅಗ್ಗದ ಜಾಗ ಬೇಕೆಂದು 1909ರಲ್ಲಿ ಯೋಚಿಸಿದ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕನು ಕೆಲವೇ ವರ್ಷಗಳಲ್ಲಿ ಆಲ್ಟೆನಾ ಕೋಟೆಯಲ್ಲಿ ಯುವ ವಸತಿಗೃಹವನ್ನು, ಅಂದರೆ ಯೂತ್ ಹಾಸ್ಟೆಲನ್ನು, ಆರಂಭಿಸಿದನು. 1932ರ ವೇಳೆಗೆ ಹಲವು ದೇಶಗಳ ಇಂಥ ಸಂಘಗಳು ಅಂತಾರಾಷ್ಟ್ರೀಯ ಒಕ್ಕೂಟವನ್ನೇ ಕಟ್ಟಿಕೊಂಡವು. ಹಾಸಿಗೆ, ಕಂಬಳಿಗಳನ್ನು ವಸತಿಗೃಹವೇ ಕೊಡುತ್ತಿದ್ದುದರಿಂದ, ಪ್ರಯಾಣಿಕನು ಒಳಗೆ ನುಸುಳಿ ಮಲಗಲು ದುಪ್ಪಟಿಯನ್ನು ಗೋಣಿಯಂತೆ ಹೊಲಿದ ತೆಳು ಚೀಲವನ್ನಷ್ಟೇ ತಂದರೆ ಸಾಕಾಗುತ್ತಿತ್ತು. ಡೇರೆಯೂ ಅಡಿಗೆ ಪಾತ್ರೆಯೂ ಪಟ್ಟಿಯಿಂದ ಬಿದ್ದುಹೋದದ್ದು ಹೀಗೆ. ಯಾವ ಹೊಲಿಗೆಯ ಕೌಶಲವೂ ಒಮ್ಮೆಗೇ ಇಷ್ಟು ಭಾರವನ್ನು ಇಳಿಸಿದ್ದಿಲ್ಲ.

ಹಾಗೆಂದು ಚೀಲದ ಸುಧಾರಣೆಯನ್ನು ಕಡೆಗಣಿಸಲಾಗದು. ನಾರ್ವೆಯ ಓಲೆ ಬೆರ್ಗನ್ 1909ರಲ್ಲಿ ಪೇಟೆಂಟ್ ಪಡೆದ ಚೀಲದಲ್ಲಿ ಬೆನ್ನಿನ ಆಕಾರಕ್ಕೆ ಹೊಂದುವ ಚೌಕಟ್ಟಿತ್ತು. 1952ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟುಗಳನ್ನು ಬೆಸೆದು, ಪತ್ನಿ ನೀನಾ ಹೊಲಿದ ಚೀಲಗಳನ್ನು ಅವಕ್ಕೆ ತೂಗುಹಾಕಿ ಮಾರತೊಡಗಿದನು. ಈ ಬಗೆಯ ಚೀಲಕ್ಕೆ ಸೇರಿದ ಸೊಂಟಪಟ್ಟಿ ಭಾರದ ಬಹುಪಾಲನ್ನು ಭುಜದಿಂದ ಸೊಂಟದ ಎಲುಬಿಗೆ ವರ್ಗಾಯಿಸಿತು. ಹೊರಚೌಕಟ್ಟಿನ ಚೀಲ ಕಾಡುದಾರಿಗೆ ಒಗ್ಗಿದರೂ ಜನ ಕಿಕ್ಕಿರಿದ ಬಸ್ಸಿಗೆ ಒಗ್ಗದು. 1967ರಲ್ಲಿ ಗ್ರೆಗ್ ಲೋವ್ ರೂಪಿಸಿದ, ಚೌಕಟ್ಟನ್ನು ಬಟ್ಟೆಯೊಳಗೇ ಅಡಗಿಸಿದ ಚೀಲ ಪರ್ವತಾರೋಹಿಗಳಿಗೆಂದು ಹುಟ್ಟಿದರೂ ಮುಂದೆ ಬಸ್ಸು-ರೈಲಿನ ಅಲೆಮಾರಿಗೂ ಅದೇ ಮಾದರಿ ಒದಗಿತು.

ಈ ಅಲೆಮಾರಿಯನ್ನು ಒಂದು ಸಾಮಾಜಿಕ ವರ್ಗವಾಗಿ ಬೆಳೆಸಿದ್ದು ಯುರೋಪಿನಿಂದ ಭಾರತ, ನೇಪಾಳಗಳಿಗೆ ನೆಲದ ಮೇಲೆಯೇ ಸಾಗುತ್ತಿದ್ದ ದಾರಿ. ಮುಂದೆ ‘ಹಿಪ್ಪಿ ದಾರಿ’ ಎಂದು ಹೆಸರಾದದ್ದು ಇದೇ. 1957ರಲ್ಲಿಯೇ ಲಂಡನ್ನಿನಿಂದ ಕಲ್ಕತ್ತೆಗೆ ‘ಇಂಡಿಯಾಮ್ಯಾನ್’ ಎಂಬ ಬಸ್ಸು ಓಡಿತ್ತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಇಸ್ತಾನ್‌ಬುಲ್, ಟೆಹರಾನ್, ಹೆರಾತ್, ಕಾಬೂಲ್, ಪೇಶಾವರ, ಲಾಹೋರ್‌ಗಳನ್ನು ಹಾದು ದೆಹಲಿಗೆ ಬರುತ್ತಿದ್ದ ಪಾಶ್ಚಾತ್ಯ ಯುವಕ ಯುವತಿಯರ ಪ್ರವಾಹವೇ ಹರಿಯಿತು. ಅಲ್ಲಿಂದ ಕೆಲವರು ಕಠ್ಮಂಡುವಿಗೂ ಕೆಲವರು ಗೋವೆಗೂ ಹೋದರು. ಗೋವೆಯ ಕಡಲತೀರಗಳ ಈ ಸಂಪ್ರದಾಯವೇ ನಂತರದ ದಶಕಗಳಲ್ಲಿ ಗೋಕರ್ಣಕ್ಕೂ ಹಂಪಿಗೂ ಚಾಚಿಕೊಂಡಿತು. ಆನಟೋಲಿಯ ಮತ್ತು ಅಫ್ಘಾನಿಸ್ತಾನದ ಎತ್ತರದ ಚಳಿ, ಸಿಂಧೂ-ಗಂಗಾ ಬಯಲಿನ ಸೆಕೆ ಎರಡಕ್ಕೂ ಒಂದೇ ಚೀಲ ಸಾಲಬೇಕಾದಾಗ, ಉಣ್ಣೆಬಟ್ಟೆಯನ್ನು ಊರಿನಿಂದ ಹೊರುವ ಬದಲು ಕಾಬೂಲಿನ ಸಂತೆಯಲ್ಲಿ ಕಸೂತಿಯ ಕುರಿಚರ್ಮದ ಕೋಟು ಕೊಳ್ಳುವುದು ಸುಲಭವೆಂದು ಅನೇಕರು ಕಂಡುಕೊಂಡರು. ಅದು ಲಂಡನ್ನಿನಲ್ಲಿ ಫ್ಯಾಷನ್ನೇ ಆಯಿತೆಂಬುದು ಬೇರೆಯ ಕಥೆ.

ಈ ದಾರಿಯಲ್ಲಿ ಮಾಹಿತಿಯೂ ಸಾಮಾನಿನ ಜಾಗವನ್ನು ತುಂಬಿತು. ಇಸ್ತಾನ್‌ಬುಲ್ಲಿನ ಸುಲ್ತಾನಹಮತ್ ಬಡಾವಣೆಯ ‘ಪುಡ್ಡಿಂಗ್ ಶಾಪ್’ ಎಂಬ ಹೋಟೆಲಿನ ಸೂಚನಾ ಫಲಕದಲ್ಲಿ ಮುಂದಿನ ವಾಹನ, ಜೊತೆಗಾರ, ಕಳೆದುಹೋದ ಗೆಳೆಯ ಇವರ ಸುಳಿವು ಸಿಗುತ್ತಿತ್ತು. ಟೋನಿ ಮತ್ತು ಮೌರೀನ್ ವೀಲರ್ ದಂಪತಿ ತಮ್ಮ ಪ್ರಯಾಣದ ಅನುಭವದಿಂದ 1973ರಲ್ಲಿ ಹೊರತಂದ ‘ಅಕ್ರಾಸ್ ಏಷ್ಯಾ ಆನ್ ದಿ ಚೀಪ್’ ಎಂಬ ಪುಟ್ಟ ಪುಸ್ತಕ ಅಗ್ಗದ ಊಟ-ವಸತಿಗಳ ವಿವರ ಕೊಟ್ಟಿತು. ಅಮೆರಿಕನ್ ಎಕ್ಸ್‌ಪ್ರೆಸ್ 1891ರಲ್ಲಿ ಆರಂಭಿಸಿದ್ದ ಪ್ರಯಾಣಿಕ ಚೆಕ್ಕು, ಅಂದರೆ ಕೊಳ್ಳುವಾಗ ಒಂದು ಸಹಿ, ಮುರಿಸುವಾಗ ಇನ್ನೊಂದು ಸಹಿ ಹಾಕಬೇಕಾದ, ಕಳೆದರೆ ಮರಳಿ ಸಿಗುವ ಹಣಪತ್ರ, ನೋಟಿನ ಕಂತೆಯನ್ನು ಹೊರುವ ಭಯವನ್ನು ತಪ್ಪಿಸಿತು. ಊರೂರಿನ ಮುಖ್ಯ ಅಂಚೆ ಕಚೇರಿ ‘ಪೋಸ್ಟ್ ರೆಸ್ಟಾಂಟ್’ ಎಂಬ ಏರ್ಪಾಡಿನಂತೆ, ವಿಳಾಸವಿಲ್ಲದವನ ಪತ್ರವನ್ನು ಅವನು ಬಂದು ಕೇಳುವವರೆಗೆ ಇರಿಸಿಕೊಳ್ಳುತ್ತಿತ್ತು. ಕೊನೆಗೆ ಮರೆಯಲೇಬಾರದ ವಸ್ತುಗಳಾಗಿ ಉಳಿದವು ಪಾಸ್‌ಪೋರ್ಟ್ ಮತ್ತು ಸಿಡುಬು, ಕಾಲರಾ ಲಸಿಕೆಗಳ ಹಳದಿ ಪುಸ್ತಿಕೆ. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸುವ ಹೊತ್ತಿಗೆ, ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶದಿಂದ ಆ ದಾರಿಯೇ ಮುಚ್ಚಿಹೋಗಿತ್ತು.

ಅದೇ ಕಾಲದಲ್ಲಿ ಎದುರು ದಿಕ್ಕಿಗೆ ಹೊರಟ ಭಾರತೀಯನ ಗಂಟುಮೂಟೆಯನ್ನು ನೋಡಿದರೆ ಈ ವಾದದ ಇನ್ನೊಂದು ಮಗ್ಗುಲು ಕಾಣುತ್ತದೆ. ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಅವನಿಗೆ ಒಯ್ಯಲು ಬಿಡುತ್ತಿದ್ದುದು ಕೆಲವೇ ಡಾಲರುಗಳನ್ನು. ಕೈಯಲ್ಲಿ ಹಣವಿಲ್ಲದ, ತನ್ನ ರುಚಿಯ ಊಟ ಸಿಗುವ ಭರವಸೆಯೂ ಇಲ್ಲದ ಕನ್ನಡದ ವಿದ್ಯಾರ್ಥಿ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಪ್ರೆಷರ್ ಕುಕ್ಕರುಗಳನ್ನು ತುಂಬಿಕೊಂಡದ್ದು ಹಳೆಯ ಕಾಲದ ಬುತ್ತಿಯ ಮೋಹವೆಂದು ನಗುವಂಥದ್ದಲ್ಲ. ದಾರಿಯ ಆಸರೆ ಇಲ್ಲದಿದ್ದವನಿಗೆ ಗಾಲ್ಟನ್ನನ ಪಟ್ಟಿಯ ತರ್ಕವೇ ಸರಿಯಾದ ತರ್ಕವಾಗಿತ್ತು, ಆದರೆ ಹೊರುವ ಕೂಲಿ ಮಾತ್ರ ಇರಲಿಲ್ಲ. ಭಾರತದ ನಿವಾಸಿಯೊಬ್ಬನು ವರ್ಷಕ್ಕೆ 25,000 ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದಾದ ಉದಾರೀಕೃತ ಯೋಜನೆಯನ್ನು ರಿಸರ್ವ್ ಬ್ಯಾಂಕ್ ಜಾರಿಗೆ ತಂದದ್ದು 2004ರಲ್ಲಿ. ಈಗ ಆ ಮಿತಿ 2,50,000 ಡಾಲರು.